ನೀರು ನಿಂತ ಮುಟ್ಟಾಳೆ

ನಾನು ನಿಂತಿದ್ದ ಜಾಗವನ್ನು ಮೊದಲು ಹೇಳುತ್ತೇನೆ. ಬೆಳ್ಳಾರೆಯಿಂದ ಕಡಬಕ್ಕೆ ಹೋಗುವ ಒಂದು ಒಳರಸ್ತೆಯಲ್ಲಿ ಹೊಳೆಯು ರಸ್ತೆಯನ್ನು ಮುಟ್ಟುವಷ್ಟು ಹತ್ತಿರ ಬರುವ ತಿರುವೊಂದಿದೆ. ಆ ತಿರುವಿನಲ್ಲಿ ಜನರನ್ನು ಕೂರಿಸಿಕೊಂಡು ಓಡುವ ಒಂದು ಸರ್ವಿಸ್ ಜೀಪು ಹೊಳೆಗೆ ಬೆನ್ನು ಮಾಡಿ ನಿಂತಿತ್ತು. ಜೀಪಿನ ಎಡಗಡೆಯ ಹಿಂದಿನ ಚಕ್ರದ ಪಕ್ಕದಲ್ಲಿ, ಹಗ್ಗ ಹಿಡಿದವರ ಸಾಲಿನಲ್ಲಿ ಎರಡನೆಯವನಾಗಿ ನಾನಿದ್ದೆ. ಎರಡು ವರ್ಷದ ಹಿಂದೆ, ಮಳೆ ಜೋರಾದ ಆಟಿ ತಿಂಗಳು, ಒಂದು ಶುಕ್ರವಾರ ಬೆಳಿಗ್ಗೆ. ಶಾಲೆಗಳಿಗೆ ರಜೆ ಎಂಬ ಸುದ್ದಿ ಎಲ್ಲರ ಮೊಬೈಲಿಗೆ ಬಂದು ಸ್ವಲ್ಪ ಹೊತ್ತಾಗಿತ್ತು. ನನ್ನ ಮುಂದೆ ಒಬ್ಬನೇ ಮನುಷ್ಯ, ಅವನ ಮುಂದೆ ನೀರು. ಕಣ್ಣಿಗೆ ಅಡ್ಡವಾಗುವಂಥದ್ದು ಏನೂ ಇರಲಿಲ್ಲ.

ಇಷ್ಟನ್ನು ಬಿಡಿಸಿ ಹೇಳಲು ಕಾರಣವಿದೆ. ಆ ದಿನ ಹೊಳೆಗೆ ಇಳಿದವರು ಈ ವರ್ಷ ಮಳೆ ಹಿಡಿಯುವ ಮೊದಲೇ ತೀರಿಕೊಂಡರು. ಅಲ್ಲಿಂದ ಈಚೆ ಕತೆ ಬೆಳೆಯುತ್ತಿದೆ. ಮೊನ್ನೆ ಪುತ್ತೂರಿನ ಹೋಟೆಲೊಂದರಲ್ಲಿ ಪಕ್ಕದ ಮೇಜಿನವರು ಮಾತಾಡಿಕೊಳ್ಳುತ್ತಿದ್ದರು. ಅವರ ತಿಂಡಿ ಗಾಡಿ ಇಡೀ ಹೊಳೆಯಲ್ಲಿ ತೇಲಿತಂತೆ, ಒಳಗೆ ಹನ್ನೆರಡು ಜನ ಇದ್ದರಂತೆ. ಗಾಡಿ ತೇಲಲಿಲ್ಲ. ತೇಲಿದ್ದು ಗಾಡಿಯ ಚಾವಣಿ. ದಾಟಿ ಬಂದವರು ಮೂವರು. ನಡೆದದ್ದೇ ಸಾಕಷ್ಟು ದೊಡ್ಡದು. ಅದಕ್ಕೆ ನಾವು ಕೈಯಿಂದ ಏನೂ ಸೇರಿಸಬೇಕಾಗಿಲ್ಲ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಾನು ಬೆಳ್ಳಾರೆಯಲ್ಲಿ ಬೋರ್ಡು ಬರೆಯುವವನು, ಹೆಸರು ಬರೆಯುವುದೇ ನನ್ನ ಕಸುಬು. ಅವರ ಗಾಡಿಗೆ ಬಣ್ಣ ಹೊಡೆದು ಮುಗಿಸಿ, ಕುಂಚ ಹಿಡಿದು, "ಹೆಸರು ಎಂತ ಬರೀಲಿ ಕಾಕ?" ಎಂದು ಕೇಳಿದ್ದೆ. ಊರಿನಲ್ಲಿ ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಕಾಕ ಎಂದೇ.

"ಹೆಸರು ಬೇಡ ಪೈಂಟ್ರೆ," ಎಂದರು. "ಹೆಸರು ಬರೆದ್ರೆ ಜನ ಹೆಸರು ಓದಿ ಹೋಗ್ತಾರೆ. ಗಾಡಿ ನೋಡುದಿಲ್ಲ."

"ಎಲ್ಲರೂ ಬರೆಸ್ತಾರಲ್ಲ ಮಾರಾಯ್ರೆ."

"ಎಲ್ಲರ ಗಾಡಿ ಒಂದೇ ಹಾಗೆ ಉಂಟು. ಅದಕ್ಕೆ ಬರೆಸ್ತಾರೆ."

ಅಹಂಕಾರವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಕೈಯಿಂದ ಬಂದ ಅಹಂಕಾರ. ಹುಡುಗಪ್ರಾಯದಲ್ಲಿ ಪುತ್ತೂರಿನ ಗ್ಯಾರೇಜಿನಲ್ಲಿ ಬಸ್ಸಿಗೆ ಬಾಡಿ ಕಟ್ಟುವ ಕೆಲಸ ಕಲಿತವರು. ಆಮೇಲೆ ಗಲ್ಫಿಗೆ ಹೋಗಿ ತಿಂಡಿ ಮಾರುವ ಗಾಡಿಗಳನ್ನೇ ತಯಾರಿಸುವ ಒಂದು ವರ್ಕ್‌ಶಾಪಿನಲ್ಲಿ ತಗಡು ಬಡಿದರು. ಊರಿಗೆ ಬಂದ ಮೇಲೂ ಬಸ್ಸಿನ ಗ್ಯಾರೇಜು ಅವರ ಬಾಯಿಂದ ಇಳಿಯಲಿಲ್ಲ. ಉದ್ದಗಲವನ್ನೆಲ್ಲ ಬಸ್ಸಿನಲ್ಲೇ ಅಳೆಯುತ್ತಿದ್ದರು. ಮದುವೆ ಹಾಲ್ ಮೂರು ಬಸ್ಸು ಉದ್ದ, ಯಾರದೋ ಅಂಗಳ ಒಂದೂವರೆ ಬಸ್ಸು. ತನ್ನ ಸ್ವಂತ ಹೊಟ್ಟೆಯನ್ನು ಮಾತ್ರ ಅಳೆಯುತ್ತಿರಲಿಲ್ಲ.

ಅವರ ಮೊಬೈಲಿನಲ್ಲಿ ಮಕ್ಕಳ, ಮೊಮ್ಮಕ್ಕಳ ಫೋಟೋಗಿಂತ ಗಾಡಿಗಳ ಫೋಟೋ ಹೆಚ್ಚು. ಚಹಾ ಕುಡಿಯಲು ಬಂದವರನ್ನು ನಿಲ್ಲಿಸಿ ತೋರಿಸುತ್ತಿದ್ದರು. ಒಂದು ದೇಶದಲ್ಲಿ ಬಾಯಿ ತೆರೆದ ಮೀನಿನ ಹಾಗಿನ ಗಾಡಿ, ಹುರಿದ ಮೀನನ್ನು ಅದರ ಬಾಯಿಯಿಂದಲೇ ಕೊಡುತ್ತಾರೆ. ಇನ್ನೊಂದು ಕಡೆ ಕೆಟಲ್, ಒಳಗೆ ಚಹಾ ಕುದಿಯುವಾಗ ಅದರ ಕೊಕ್ಕಿನಿಂದ ಹಬೆ ಬರುತ್ತದೆ. ಎರಡು ಮಾಳಿಗೆಯ ಬಸ್ಸು, ಮೇಲೆ ಕೂತು ಊಟ. ಹಳೆಯ ರೈಲು ಇಂಜಿನ್ನು. ಹಡಗಿನಲ್ಲಿ ಸಾಮಾನು ಬರುವ ಕಬ್ಬಿಣದ ಪೆಟ್ಟಿಗೆಯೊಂದರ ಗೋಡೆ ಕೆಳಗೆ ಮಲಗಿ ಜಗಲಿಯಾಗುತ್ತದೆ, ಅದರ ಮೇಲೆ ಕುರ್ಚಿ ಹಾಕುತ್ತಾರೆ. ಒಂದೊಂದಕ್ಕೂ ವಿವರಣೆ ಇತ್ತು. ಕೀಲು ಎಲ್ಲಿದೆ, ಭಾರ ಯಾವ ಕಡೆ ಬೀಳುತ್ತದೆ, ಎಲ್ಲಿ ತಪ್ಪಿದ್ದಾರೆ.

"ಕೆಟಲ್ ಉಂಟಲ್ಲ, ಅದು ನಾನಿಲ್ಲದಿದ್ರೆ ಬೀದಿಗೆ ಇಳೀತಿರ್ಲಿಲ್ಲ. ಕೊಕ್ಕು ಕೂರಿಸಿದ್ದು ನಾನು."

ಕಡಬದ ಜೀಪು ಸ್ಟ್ಯಾಂಡಿನ ಚೆನ್ನಪ್ಪಣ್ಣ ಚಹಾ ಹೀರುತ್ತ ಕೇಳುತ್ತಿದ್ದ, "ಅಲ್ಲಿ ಆಕಾಶ ಮುಟ್ಟುವ ಕಟ್ಟಡ ಒಂದು ಉಂಟಲ್ಲ ಕಾಕ, ಅದೂ ನೀವೇ ಅಲ್ವಾ?"

"ಅದರ ಲಿಫ್ಟ್ ಮಾತ್ರ ನಾನಲ್ಲ."

ಊರಿಗೆ ಬಂದು ತನ್ನದೇ ಗಾಡಿ ಮಾಡುವುದೆಂದು ಅವರು ಹೊರಟಾಗ ಎಲ್ಲರೂ ಮೀನೋ ಕೆಟಲೋ ಆದೀತೆಂದು ಕಾದೆವು. ಅವರು ಏನನ್ನೂ ಶುರು ಮಾಡಲಿಲ್ಲ. ಹಳೆಯ ಮಿನಿ ಲಾರಿಯೊಂದನ್ನು ತಂದು ಪುತ್ತೂರಿನ ಅದೇ ಗ್ಯಾರೇಜಿನಲ್ಲಿ ನಿಲ್ಲಿಸಿ ತಿಂಗಳುಗಟ್ಟಲೆ ಸುಮ್ಮನೆ ತಿರುಗಿದರು. "ಬೇರೆಯವರ ಕೆಟಲ್ ನಮ್ಮ ಊರಿಗೆ ಎಂತಕ್ಕೆ?" ಎನ್ನುತ್ತಿದ್ದರು. ಒಂದು ದಿನ ಅಜ್ಜಾವರದಲ್ಲಿ ಅಡಿಕೆ ಸುಲಿಯುವ ಅಂಗಳದ ಬದಿಯಲ್ಲಿ ನಿಂತಿದ್ದಾಗ, ಕೆಲಸದವನೊಬ್ಬ ತಲೆಯ ಮೇಲಿನ ಮುಟ್ಟಾಳೆಯನ್ನು ತೆಗೆದು, ನಳ್ಳಿಗೆ ಹಿಡಿದು, ಅದರಲ್ಲೇ ನೀರು ತುಂಬಿಸಿ ಕುಡಿದು, ಕೊಡವಿ, ಮತ್ತೆ ತಲೆಗೆ ಇಟ್ಟುಕೊಂಡನಂತೆ. ಅಡಿಕೆ ಹಾಳೆಯನ್ನು ಮಡಿಚಿ ಹೊಲಿದು ಮಾಡುವ ಆ ಟೊಪ್ಪಿಯನ್ನು ಅವರು ಹುಟ್ಟಿದಂದಿನಿಂದ ನೋಡಿದ್ದರು. ಅಂದು ಮೊದಲ ಸಲ ಅದನ್ನು ಗಾಡಿಯಾಗಿ ನೋಡಿದರು.

ಮುಟ್ಟಾಳೆ ಹೊಲಿಯುವವರು ಈಗ ಕಡಿಮೆ. ಅಜ್ಜಾವರದ ಕಮಲಕ್ಕ ಒಬ್ಬರು. ಕಾಕ ಅವರ ಜಗಲಿಯಲ್ಲಿ ದಿನಗಟ್ಟಲೆ ಕೂತರು. ಒಂದು ಹಾಳೆಯನ್ನು ಬಿಚ್ಚಿಸಿ, ಮತ್ತೆ ಮಡಿಚಿಸಿ, ಮಡಿಕೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ಒಳಗೆ ಹೋಗುತ್ತದೆ ಎಂದು ತಗಡಿನ ಚೂರಿನಲ್ಲಿ ಮಾಡಿ ನೋಡಿಕೊಂಡರು.

"ಕಾಕನಿಗೆ ಕಿವಿಯೂ ಮುಚ್ಚುವಂಥ ಟೊಪ್ಪಿ ಬೇಕಾ ಹೇಗೆ?" ಎಂದು ಕಮಲಕ್ಕ ಕೇಳಿದರಂತೆ.

"ನನಗಲ್ಲ ಅಕ್ಕ, ಲಾರಿಗೆ."

"ಲಾರಿಗೆ ತಲೆ ಎಲ್ಲಿ ಉಂಟು?"

"ಅದನ್ನೇ ಮಾಡ್ತಾ ಇದ್ದೇನೆ."

ಕಮಲಕ್ಕನಿಗೆ ಒಂದು ಪದ್ಧತಿ ಇದೆ. ಹೊಲಿದು ಮುಗಿದ ಪ್ರತಿ ಮುಟ್ಟಾಳೆಯನ್ನು ಮಗುಚಿ ಹಿಡಿದು ನೀರು ಹೊಯ್ಯುತ್ತಾರೆ. ನೀರು ನಿಂತರೆ ಕೊಡುತ್ತಾರೆ, ಜಿನುಗಿದರೆ ಹೊಲಿಗೆ ಬಿಚ್ಚುತ್ತಾರೆ. ಅವರ ತಾಯಿಯೂ ಹಾಗೆಯೇ ಮಾಡುತ್ತಿದ್ದರಂತೆ. ತಲೆಯ ಮೇಲೆ ಇಡುವ ಟೊಪ್ಪಿಯಲ್ಲಿ ನೀರು ಯಾಕೆ ನಿಲ್ಲಬೇಕು ಎಂದು ನಾನು ಕೇಳಿದ್ದಕ್ಕೆ, "ಒಳಗಿನ ನೀರು ಹೊರಗೆ ಹೋಗದಿದ್ರೆ ಹೊರಗಿನದ್ದು ಒಳಗೆ ಬರುದಿಲ್ಲ," ಎಂದಿದ್ದರು. ಕಾಕ ಆ ಪದ್ಧತಿಯನ್ನೂ ಎತ್ತಿಕೊಂಡು ಬಂದರು.

ಚಾವಣಿಯು ಅಲ್ಯೂಮಿನಿಯಂ ಶೀಟಿನದು. ಮುಂದೆ ಸ್ವಲ್ಪ ಎದ್ದು, ಹಿಂದೆ ಮಡಿಕೆ ಒಳಗೆ ಹೋಗಿ, ಸಾಕ್ಷಾತ್ ಮುಟ್ಟಾಳೆ. ಹತ್ತು ಜನ ಊಟಕ್ಕೆ ಸುತ್ತ ಕೂರಬಹುದಾದಷ್ಟು ದೊಡ್ಡದು. ಚೈನ್ ಬ್ಲಾಕ್ ಹಾಕಿ ಎತ್ತಲು ನಾಲ್ಕು ಮೂಲೆಗೆ ಕಬ್ಬಿಣದ ಬಳೆ ಇಟ್ಟಿದ್ದರು. ಮುಗಿದ ದಿನ ಅದನ್ನು ಗ್ಯಾರೇಜಿನ ಅಂಗಳದಲ್ಲಿ ಮರದ ದಿಮ್ಮಿಗಳ ಮೇಲೆ ಅಂಗಾತ ಮಲಗಿಸಿ, ಪೈಪಿನಲ್ಲಿ ನೀರು ಬಿಟ್ಟು, ಕೆಳಗೆ ಹಳೆಯ ಪೇಪರ್ ಹಾಸಿದರು. ಹನಿ ಬಿದ್ದರೆ ಪೇಪರಿನಲ್ಲಿ ಕಾಣಬೇಕು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು.

"ಕಾಕ, ಮೀನು ಸಾಕ್ಲಿಕ್ಕುಂಟಾ?"

"ನಿನ್ನನ್ನು ಮೀಯಿಸ್ಲಿಕ್ಕೆ."

ಮರುದಿನ ಪೇಪರಿನ ಮೇಲೆ ಒಂದೇ ಒಂದು ಒದ್ದೆ ಮಚ್ಚೆ ಇತ್ತು, ಹಲಸಿನ ಬೀಜದಷ್ಟು. ನಾನಾಗಿದ್ದರೆ ಅಲ್ಲಿಗೊಂದು ತೇಪೆ ಹಚ್ಚುತ್ತಿದ್ದೆ. ಅವರು ಆ ಇಡೀ ಸಾಲಿನ ರಿವೆಟ್‌ಗಳನ್ನು ತೆಗೆದು ಮತ್ತೆ ಹೊಡೆದರು. ಎರಡನೆಯ ಸಲ ನೀರು ತುಂಬಿಸಿದಾಗ ಕಮಲಕ್ಕನನ್ನೇ ಅಜ್ಜಾವರದಿಂದ ಕರೆಸಿದರು. ಅವರು ಬಗ್ಗಿ ಪೇಪರ್ ಮುಟ್ಟಿ ನೋಡಿ, "ಕೊಡ್ಬಹುದು," ಎಂದರು. ಕಾಕನ ಮುಖ ಆ ಹೊತ್ತು ಹೇಗಿತ್ತೆಂದರೆ, ಗಲ್ಫಿನಿಂದ ಮೊದಲ ಸಲ ಬಂದಿಳಿದ ದಿನವೂ ಹಾಗಿರಲಿಲ್ಲವಂತೆ. ಇದು ಅವರ ಹೆಂಡತಿ ಜೋಹರಕ್ಕ ಹೇಳಿದ್ದು.

ನಾನು ಹಾಳೆಯ ಬಣ್ಣ ಹೊಡೆದೆ. ಹಾಳೆಯ ನಾರು ಕಾಣಬೇಕೆಂದು ಹಸಿ ಬಣ್ಣದ ಮೇಲೆ ಹಳೆಯ ಬಾಚಣಿಗೆ ಎಳೆದೆ. ಅವರು ಮೂಗು ತಾಗುವಷ್ಟು ಹತ್ತಿರ ಬಂದು ನೋಡಿ, ಹಿಂದೆ ಸರಿದು, "ಹಾಂ," ಎಂದರು. ಅವರ ಬಾಯಿಂದ ಬೇರೆಯವರ ಕೆಲಸಕ್ಕೆ ಹಾಂ ಬರುವುದು ದೊಡ್ಡದು.

ಗಾಡಿಯ ಗಮ್ಮತ್ತು ಇದ್ದದ್ದು ಬೇರೆ. ಗಿರಾಕಿ ಬಂದು ಎದುರು ನಿಂತ ಕೂಡಲೇ ಒಳಗಿನಿಂದ ಅವರು ಒಂದು ಹಿಡಿಕೆ ಒತ್ತುತ್ತಿದ್ದರು. ಹಿಂದಿನ ಕೀಲಿನ ಮೇಲೆ ಇಡೀ ಚಾವಣಿ ಮುಂದಿನಿಂದ ಮೆಲ್ಲಗೆ ಮೇಲೇಳುತ್ತಿತ್ತು, ತಲೆಯಿಂದ ಟೊಪ್ಪಿ ಎತ್ತಿದ ಹಾಗೆ. ಮೊದಲ ದಿನ ಬೆಳ್ಳಾರೆಯ ಪೇಟೆಯಲ್ಲಿ ಅದನ್ನು ನೋಡಿ ಎಲ್ಲರೂ ನಕ್ಕರು. ಕಮಲಕ್ಕ ನಗಲಿಲ್ಲ.

"ಮುಂಚೆ ಧಣಿಗಳು ಬಂದ್ರೆ ನಮ್ಮವರು ಮುಟ್ಟಾಳೆ ತೆಗೆದು ಕಂಕುಳಲ್ಲಿ ಇಟ್ಕೊಳ್ಬೇಕಿತ್ತು," ಎಂದರು. "ಇದು ಎಲ್ಲರಿಗೂ ತೆಗೀತದೆ."

ಜೋಹರಕ್ಕ ಅಕ್ಕಿ ಕಡುಬಿನಂಥ ಪುಂಡಿ, ತೆಳು ಅಕ್ಕಿ ರೊಟ್ಟಿಯಂಥ ಪತ್ತಿರಿ, ಕೋಳಿ ಸಾರು ಮಾಡುತ್ತಿದ್ದರು. ಕಾಕ ಹಾಲು ಹಾಕದ ಸುಲೈಮಾನಿ ಚಹಾ ಮಾಡುತ್ತಿದ್ದರು, ಮಾತಾಡುತ್ತಿದ್ದರು. ಬೆಳ್ಳಾರೆ, ಕಡಬ, ಸುಳ್ಯ, ದಿನಕ್ಕೊಂದು ಕಡೆ. ಫೋಟೋ ತೆಗೆಯಲು ಪುತ್ತೂರಿನಿಂದ ಜನ ಬರುತ್ತಿದ್ದರು. ತಿನ್ನದೆ ಫೋಟೋ ತೆಗೆದು ಹೋದರೂ ಬೇಸರವಿರಲಿಲ್ಲ, ಚಾವಣಿ ಮುಟ್ಟಿದರೆ ಮಾತ್ರ ಬೇಸರ. ಹೆಗಲಿನಲ್ಲಿ ಯಾವಾಗಲೂ ಒಂದು ಬಟ್ಟೆ. ಕಾಗೆ ಕೂತು ಎದ್ದರೆ ಸ್ಟೂಲ್ ಹಾಕಿ ಹತ್ತಿ ಒರೆಸುವರು. ಮಳೆ ನಿಂತ ಕೂಡಲೇ ಒರೆಸುವರು. ಜೋಹರಕ್ಕ ನಮ್ಮ ಎದುರಿಗೇ ಹೇಳುತ್ತಿದ್ದರು, "ನನಗೆ ಜ್ವರ ಬಂದ್ರೆ ಹಣೆ ಒರೆಸ್ಲಿಕ್ಕೆ ಇವರಿಗೆ ಪುರ್ಸೊತ್ತಿಲ್ಲ."

ಅಂಥವರ ಗಾಡಿಯಲ್ಲಿ ಆ ಶುಕ್ರವಾರ ಗಂಡ ಹೆಂಡತಿ ಇಬ್ಬರ ಜೊತೆ ನಾನು ಕಡಬಕ್ಕೆ ಹೊರಟಿದ್ದೆ, ಒಂದು ಅಂಗಡಿಯ ಬೋರ್ಡು ಬರೆಯಲು. ತಿರುವಿನಲ್ಲಿ ಚೆನ್ನಪ್ಪಣ್ಣನ ಜೀಪು ನಿಂತಿತ್ತು. ಜೀಪಿನ ಏಳೆಂಟು ಜನ ಇಳಿದು ಹೊಳೆ ನೋಡುತ್ತಿದ್ದರು. ಆಚೆ ದಡದಲ್ಲಿ ರಬ್ಬರ್ ತೋಟ. ದಡಕ್ಕೆ ತಾಗಿ, ಸ್ವಲ್ಪ ತಗ್ಗಿನಲ್ಲಿ, ರಬ್ಬರ್ ಶೀಟ್ ಮಾಡುವ ಒಂದು ಶೆಡ್ಡು. ಅದರ ಹಿಂದಿನ ತೋಡೂ ಉಕ್ಕಿ, ಶೆಡ್ಡಿನ ಸುತ್ತ ನಾಲ್ಕು ಕಡೆಯೂ ನೀರು. ದಾಟುವ ಕಾಲುಸಂಕ ಬೆಳಿಗ್ಗೆಯೇ ಕೊಚ್ಚಿಹೋಗಿತ್ತು. ಶೆಡ್ಡಿನ ಪಕ್ಕದ ಹಲಸಿನ ಮರದ ಬುಡದಲ್ಲಿ ರಬ್ಬರ್ ಹಾಲು ತೆಗೆಯುವ ಟ್ಯಾಪಿಂಗ್ ಕೆಲಸದ ಶಾಜಿ, ಅವನ ಹೆಂಡತಿ ಬಿಂದು, ಬಿಂದುವಿನ ಸೊಂಟದಲ್ಲಿ ಮಗಳು ಅಮ್ಮು. ನಾವು ನೋಡುತ್ತಿದ್ದಂತೆಯೇ ಶೆಡ್ಡಿನ ಹೊಳೆಬದಿಯ ಗೋಡೆ ಕುಸಿಯಿತು. ಸದ್ದು ಕೇಳಲಿಲ್ಲ. ನೀರಿನ ಸದ್ದೇ ಅಷ್ಟಿತ್ತು. ಶಾಜಿಯ ಮೊಣಕಾಲಿನವರೆಗೆ ನೀರು ಬಂದಿತ್ತು.

ಅಗ್ನಿಶಾಮಕ ದಳಕ್ಕೆ ಫೋನು ಮಾಡಿ ಆಗಿತ್ತು. ಬೋಟು ಹೊರಟಿದೆ, ಆದರೆ ದಾರಿಯಲ್ಲಿ ಮರ ಬಿದ್ದಿದೆ, ಕಡಿದು ಬರಬೇಕು ಎಂದರು. ಚೆನ್ನಪ್ಪಣ್ಣ ಜೀಪಿನಿಂದ ಮರ ಎಳೆಯುವ ಉದ್ದದ ಹಗ್ಗ ತೆಗೆದಿದ್ದ. ಹಗ್ಗ ಇತ್ತು, ಕೂರಲು ಏನೂ ಇರಲಿಲ್ಲ.

ಕಾಕ ಹೊಳೆಯ ಅಗಲ ನೋಡಿದರು. "ಎರಡು ಬಸ್ಸು," ಎಂದರು. ಆಮೇಲೆ ತಿರುಗಿ ತನ್ನ ಗಾಡಿ ನೋಡಿದರು. ಅವರು ಹಾಗೆ ನೋಡಿದ್ದನ್ನು ನಾನು ನೋಡಿದೆ. ಎಷ್ಟು ಹೊತ್ತು ಎಂದು ಹೇಳಲಾರೆ. ಹೆಗಲಿನ ಬಟ್ಟೆ ತೆಗೆದು ಒಮ್ಮೆ ಮುಖ ಒರೆಸಿಕೊಂಡು, ಸೀಟಿನ ಅಡಿಯಿಂದ ಸ್ಪಾನರ್ ತೆಗೆದರು.

"ಎಂತ ಮಾಡ್ತೀರಿ ಕಾಕ?" ಎಂದೆ.

"ಟೊಪ್ಪಿ ತೆಗೀತೇನೆ."

ಬೋಲ್ಟು ಅವರೇ ಬಿಚ್ಚಿದರು. ಬೇರೆಯವರಿಗೆ ಕೊಟ್ಟರೆ ಬೋಲ್ಟಿನ ಥ್ರೆಡ್ ಹಾಳಾಗುತ್ತದೆಂದು ಆ ಹೊತ್ತಿನಲ್ಲೂ ಕೊಡಲಿಲ್ಲ. ಎಂಟು ಜನ ಎತ್ತಿ ತಂದು ದಡದಲ್ಲಿ ಅಂಗಾತ ಇಟ್ಟೆವು. ಅಷ್ಟರಲ್ಲಿ ಚೆನ್ನಪ್ಪಣ್ಣ ನೈಲಾನ್ ದಾರಕ್ಕೆ ಕಲ್ಲು ಕಟ್ಟಿ ಬೀಸಿದ. ಎರಡು ಸಲ ನೀರಿಗೆ ಬಿತ್ತು, ಮೂರನೆಯದನ್ನು ಶಾಜಿ ಹಿಡಿದ. ದಾರದ ಹಿಂದೆ ಹಗ್ಗ ಹೋಯಿತು. ಶಾಜಿ ಅದನ್ನು ಹಲಸಿನ ಮರಕ್ಕೆ ಸುತ್ತಿದ. ಈಚೆಯ ತುದಿಯನ್ನು ಜೀಪಿನ ಹಿಂಬದಿಗೆ ಕಟ್ಟಿ, ಅದು ಸಡಿಲವಾಗದಂತೆ ನಾವು ಹಿಡಿದು ನಿಂತೆವು. ಚಾವಣಿಯ ಎರಡು ಬಳೆಗಳಿಗೆ ತುಂಡು ಹಗ್ಗ ಕಟ್ಟಿ, ಅದರ ಕುಣಿಕೆಗಳನ್ನು ಆ ಹಗ್ಗಕ್ಕೆ ಸಿಕ್ಕಿಸಿದರು. ಕೈಯಿಂದ ಹಗ್ಗ ಎಳೆಯುತ್ತ ಹೋದರೆ ಅದು ಹಗ್ಗದ ಉದ್ದಕ್ಕೆ ಜಾರಬೇಕು, ಹರಿವಿಗೆ ಹೋಗಬಾರದು.

ನೀರಿಗೆ ಇಳಿಸಿದಾಗ ಅದು ಒಂದು ಬದಿಗೆ ವಾಲಿತು. ಕಾಕ ಗಾಡಿಯೊಳಗಿನ ಪತ್ತಿರಿಯ ದೊಡ್ಡ ಕಾವಲಿಯನ್ನು ತರಿಸಿ ಅದರ ನಡುವಿನಲ್ಲಿ ಇಟ್ಟರು. ನೆಟ್ಟಗಾಯಿತು. ತಾನೇ ಹತ್ತಲು ಹೊರಟರು.

"ನೀವು ಬೇಡ ಕಾಕ, ಮುಳುಗ್ತದೆ," ಎಂದ ಚೆನ್ನಪ್ಪಣ್ಣ. "ನಾನು ಹೋಗ್ತೇನೆ."

"ನಾನು ಮಾಡಿದ್ರಲ್ಲಿ ಮೊದಲು ನಾನು ಕೂರ್ಬೇಕು. ನೀನು ಹಗ್ಗ ನೋಡು."

ನಾವೆಲ್ಲ ಜೋಹರಕ್ಕನ ಕಡೆ ನೋಡಿದೆವು, ಅವರು ತಡೆಯಲಿ ಎಂದು. ಅವರು ತಲೆಯ ಮೇಲಿನ ಬಟ್ಟೆಯನ್ನು ಬಿಗಿದುಕೊಂಡರು.

"ಹೋಗ್ಲಿ," ಎಂದರು. "ಇವರು ಕೂತು ಮುಳುಗದಿದ್ರೆ ಮತ್ತೆ ಯಾರು ಕೂತ್ರೂ ಮುಳುಗುದಿಲ್ಲ."

ಒಂದಿಬ್ಬರು ನಕ್ಕರು. ಜೋಹರಕ್ಕ ಬಂದು ಹಗ್ಗದ ಸಾಲಿನ ಕೊನೆಯಲ್ಲಿ ಕೈ ಹಾಕಿದರು.

ಅವರು ಹೋದರು. ಮೊಣಕಾಲೂರಿ ಕೂತು, ತಲೆಯ ಮೇಲಿನ ಹಗ್ಗವನ್ನು ಒಂದು ಕೈಯಾದ ಮೇಲೆ ಒಂದು ಕೈ ಎಳೆಯುತ್ತ ಹೋದರು. ನಡು ಹೊಳೆಯಲ್ಲಿ ಹಗ್ಗ ಬಿಲ್ಲಿನ ಹಾಗೆ ಬಾಗಿತು. ನನ್ನ ಅಂಗೈಯ ಸಿಪ್ಪೆ ಹೋದದ್ದು ಆಗ. ಅವರು ಒಮ್ಮೆ ನಿಂತರು. ಯಾಕೆ ನಿಂತರೆಂದು ನಮಗೆ ಗಾಬರಿಯಾಯಿತು. ಬಗ್ಗಿ, ಚಾವಣಿಯ ಒಳಗೆ ಕೈಯಾಡಿಸಿ, ಬೆರಳು ನೋಡಿಕೊಂಡರು. ಮತ್ತೆ ಎಳೆದರು.

ಮೊದಲ ಸಲ ಬಿಂದು ಮತ್ತು ಅಮ್ಮು ಬಂದರು. ಬಿಂದು ಮಗಳನ್ನು ಎದೆಗೆ ಅವಚಿಕೊಂಡು ಕಣ್ಣು ಮುಚ್ಚಿದ್ದಳು. ದಡದಲ್ಲಿ ಜೋಹರಕ್ಕ ಮಗುವನ್ನು ಎತ್ತಿಕೊಂಡರು. ಕಾಕ ಕೆಳಗಿಳಿಯಲಿಲ್ಲ, ಮತ್ತೆ ಹೋದರು. ಶಾಜಿ ಹತ್ತುವಾಗ ನೀರು ಅವನ ಸೊಂಟಕ್ಕೆ ಬಂದಿತ್ತು. ಎರಡನೆಯ ಸಲ ಈಚೆ ದಡ ತಲುಪಿ, ಶಾಜಿ ಇಳಿದು, ಕಾಕನ ಒಂದು ಕಾಲು ಕೆಸರಿನಲ್ಲಿ ಊರಿದಾಗ, ಮೇಲಿನಿಂದ ಬಂದ ಒಂದು ಮರದ ಕೊರಡು ಚಾವಣಿಗೆ ಬಡಿಯಿತು. ಒಂದು ಬಳೆ ಕಿತ್ತುಬಂತು, ಇನ್ನೊಂದರ ಕುಣಿಕೆ ಹರಿಯಿತು. ಚೆನ್ನಪ್ಪಣ್ಣ ಕಾಕನ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದ. ಮುಟ್ಟಾಳೆ ಒಂದು ಸುತ್ತು ತಿರುಗಿ, ಕಾವಲಿ ಸಮೇತ, ಹೊಳೆಯಲ್ಲಿ ಇಳಿದು ಹೋಯಿತು. ತಿರುವು ದಾಟುವವರೆಗೂ ಅದು ತೇಲುತ್ತಲೇ ಇತ್ತು. ಅದನ್ನೂ ನಾನು ನೋಡಿದ್ದೇನೆ.

ಶಾಜಿ ಕಾಕನ ಕಾಲು ಹಿಡಿಯಲು ಬಗ್ಗಿದ. ಅವರು ಅವನ ತೋಳು ಹಿಡಿದೆತ್ತಿ ಕೇಳಿದ್ದು ಒಂದೇ ಮಾತು: "ಒಳಗೆ ನೀರು ಬಂತಾ?"

ಶಾಜಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, "ಇಲ್ಲ ಕಾಕ. ಒಂದು ಹನಿಯೂ ಬರ್ಲಿಲ್ಲ," ಎಂದ.

"ಹಾಂ," ಎಂದರು. ಆ ದಿನ ಜುಮಾ ನಮಾಜಿಗೆ ಹೊತ್ತಿಗೆ ಸರಿಯಾಗಿ ಹೋದರು.

ಮರುವಾರದಿಂದ ಗಾಡಿ ನೀಲಿ ಟಾರ್ಪಾಲ್ ಹೊದ್ದು ಓಡಿತು. ಫೋಟೋ ತೆಗೆಯಲು ಬಂದವರು ಟೊಪ್ಪಿ ಎಲ್ಲಿ ಎಂದರೆ, "ಒಗೀಲಿಕ್ಕೆ ಕೊಟ್ಟಿದ್ದೇನೆ," ಎನ್ನುತ್ತಿದ್ದರು. ಕೆಟಲಿನ ಕೊಕ್ಕು ಕೂರಿಸಿದ್ದನ್ನು ನೂರು ಸಲ ಹೇಳಿದ ಮನುಷ್ಯ ಹೊಳೆ ದಾಟಿದ್ದನ್ನು ಒಬ್ಬರಿಗೂ ಹೇಳಲಿಲ್ಲ. ಚೆನ್ನಪ್ಪಣ್ಣ ಜೀಪಿನಲ್ಲಿ ಹತ್ತಿದವರಿಗೆಲ್ಲ ಹೇಳುತ್ತಿದ್ದ. ಅದು ಕಿವಿಗೆ ಬಿದ್ದರೆ ಕಾಕ ಕುದಿಯುವ ಚಹಾದ ಕಡೆಗೆ ತಿರುಗುತ್ತಿದ್ದರು.

ಮಳೆ ಕಡಿಮೆಯಾದ ಮೇಲೆ ಮುಟ್ಟಾಳೆ ಸಿಕ್ಕಿತು, ಕೆಳಗಿನ ಕಿಂಡಿ ಅಣೆಕಟ್ಟಿನ ಕಂಬಕ್ಕೆ ಸಿಕ್ಕಿಕೊಂಡು, ಮರಳು ತುಂಬಿಕೊಂಡು. ಒಂದು ಮೂಲೆ ಹರಿದಿತ್ತು, ಬೆನ್ನು ಜಜ್ಜಿಹೋಗಿತ್ತು. ಕಾವಲಿ ಸಿಗಲಿಲ್ಲ. ಪುತ್ತೂರಿನ ಗ್ಯಾರೇಜಿಗೆ ತಂದು, ಹರಿದ ಮೂಲೆಯನ್ನು ಬೆಸೆದು, ದಿಮ್ಮಿಗಳ ಮೇಲೆ ಅಂಗಾತ ಇಟ್ಟರು. ಕಮಲಕ್ಕನಿಗೆ ಜೀಪು ಕಳಿಸಿದರು. ಕೆಳಗೆ ಪೇಪರ್ ಹಾಸಿ ನೀರು ಬಿಟ್ಟೆವು. ಅಷ್ಟು ಜಜ್ಜಿದ ತಗಡಿನಲ್ಲಿ ಎಲ್ಲಾದರೂ ಜಿನುಗದೆ ಇರುವುದಿಲ್ಲವೆಂದು ನನಗೆ ಅನಿಸಿತ್ತು. ಆ ದಿನ ಯಾರೂ ಮೀನು ಸಾಕುವ ಮಾತು ಎತ್ತಲಿಲ್ಲ. ಕಾಕ ಕೂರಲಿಲ್ಲ, ತಿರುಗಲಿಲ್ಲ, ನಿಂತೇ ಇದ್ದರು.

ಸಾಯಂಕಾಲ ಕಮಲಕ್ಕ ಬಗ್ಗಿ ಪೇಪರ್ ಮುಟ್ಟಿದರು. ಎಲ್ಲ ಕಡೆ ಮುಟ್ಟಿದರು. ಎದ್ದು, ಮುಟ್ಟಾಳೆಯೊಳಗಿನ ನೀರನ್ನು ಬೊಗಸೆಯಲ್ಲಿ ತೆಗೆದು ಒಂದು ಗುಟುಕು ಕುಡಿದರು.

"ಕೊಡ್ಬಹುದು," ಎಂದರು.

ಕಾಕ ಗೋಡೆಯ ಕಡೆ ತಿರುಗಿ ನಿಂತರು. ಹೆಗಲಿನ ಬಟ್ಟೆ ಕೈಗೆ ಬಂದಿತ್ತು. ಒರೆಸಲು ಚಾವಣಿ ಎದುರಿಗಿತ್ತು, ಆದರೆ ಆ ದಿನ ಅವರು ಒರೆಸಿದ್ದು ಚಾವಣಿಯನ್ನಲ್ಲ.

ಜಜ್ಜಿದ್ದನ್ನು ಅವರು ಬಡಿದು ಸರಿ ಮಾಡಲಿಲ್ಲ. ನಾನು ಪುಟ್ಟಿ ಹಚ್ಚಿ ಬಣ್ಣ ಹೊಡೆಯುತ್ತೇನೆಂದರೆ ಬಿಡಲಿಲ್ಲ. "ಹಾಳೆಯಲ್ಲೂ ಗಾಯ ಇರ್ತದೆ ಪೈಂಟ್ರೆ," ಎಂದರು. ಈಗಲೂ ಅದು ಹಾಗೆಯೇ ಇದೆ. ಗಾಡಿ ಜೋಹರಕ್ಕನ ಕೈಯಲ್ಲಿ ನಡೆಯುತ್ತಿದೆ. ಎದುರು ಯಾರು ಬಂದು ನಿಂತರೂ ಟೊಪ್ಪಿ ಏಳುತ್ತದೆ.

ಕಂಡವರು ಇನ್ನೂ ಇದ್ದಾರೆ, ಸಂಶಯವಿದ್ದವರು ಕೇಳಬಹುದು. ಚೆನ್ನಪ್ಪಣ್ಣ ಕಡಬದ ಜೀಪು ಸ್ಟ್ಯಾಂಡಿನಲ್ಲಿ ಸಿಗುತ್ತಾನೆ. ಅವನು ಸ್ವಲ್ಪ ಹೆಚ್ಚಿಸಿ ಹೇಳುತ್ತಾನೆ, ಅಷ್ಟನ್ನು ಕಳೆಯಬೇಕು. ಜೋಹರಕ್ಕ ಇದ್ದಾರೆ, ಕೇಳಿದರೆ ಪತ್ತಿರಿ ಕೊಡುತ್ತಾರೆ, ಮಾತು ಕಡಿಮೆ. ನೀರು ನಿಂತದ್ದನ್ನು ಎರಡು ಸಲವೂ ನೋಡಿದ ಕಮಲಕ್ಕ ಅಜ್ಜಾವರದಲ್ಲಿ ಇದ್ದಾರೆ. ಶಾಜಿ ಮತ್ತು ಬಿಂದು ಅದೇ ತೋಟದಲ್ಲಿ, ಮೇಲಿನ ಗುಡ್ಡದಲ್ಲಿ ಕಟ್ಟಿದ ಹೊಸ ಶೆಡ್ಡಿನಲ್ಲಿ ಇದ್ದಾರೆ. ಅಮ್ಮು ಅಂಗನವಾಡಿಗೆ ಹೋಗುತ್ತಾಳೆ. ಅವಳಿಗೆ ಏನೂ ನೆನಪಿಲ್ಲವೆಂದು ತಾಯಿ ಹೇಳುತ್ತಾಳೆ. ಆದರೂ ಕಂಡವರ ಸಾಲಿನಲ್ಲಿ ಅವಳ ಹೆಸರನ್ನೂ ಬರೆಯುತ್ತೇನೆ. ಬಿಂದು ಕಣ್ಣು ಮುಚ್ಚಿದ್ದಳು; ಅಮ್ಮು ಮುಚ್ಚಿರಲಿಲ್ಲ. ದಡ ಮುಟ್ಟುವವರೆಗೂ ಹಗ್ಗ ಎಳೆಯುವ ಆ ಎರಡು ಕೈಗಳನ್ನೇ ನೋಡುತ್ತಿದ್ದಳು.